ಯಾ ಮಂಡಳಿ, ಬಸಾ

ಕೇಳುಗರಿಗೆ ನಮಸ್ಕಾರ.

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಪಕ್ಕದ ಮನೆಯ ಮರಾಠಿ ಕಾಕು, ಅಂದರೆ ಚಿಕ್ಕಮ್ಮ, ಯಾರೇ ಬಂದರೂ ಬಾಗಿಲು ತೆರೆದು ಹೇಳುವುದು ಒಂದೇ ಮಾತು: ‘ಯಾ ಮಂಡಳಿ, ಬಸಾ.’ ಬನ್ನಿ, ಕೂತುಕೊಳ್ಳಿ ಅಂತ. ಮುಂಬಯಿಗೆ ಬಂದ ಹೊಸತರಲ್ಲಿ ನನಗಿದು ಅಚ್ಚರಿ. ಊರಿನಲ್ಲಿ ನಾನು ಕಂಡ ಮಂಡಳಿಗಳು ಬೋರ್ಡು ಹಾಕಿಕೊಂಡವು: ಆಡಳಿತ ಮಂಡಳಿ, ವಿದ್ಯುತ್ ಮಂಡಳಿ, ಜಲಮಂಡಳಿ. ಅರ್ಜಿ ಹಿಡಿದು ಹೋಗುವ ಜಾಗಗಳು. ಇಲ್ಲಿ ನೋಡಿದರೆ, ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿರುವ ನಾಲ್ಕು ಜನರೇ ಮಂಡಳಿ!

ಈ ಪದದ ಬೇರು ಮಂಡಲ. ಸಂಸ್ಕೃತದಲ್ಲಿ ಮಂಡಲವೆಂದರೆ ದುಂಡಗಿನದು, ಸೂರ್ಯಚಂದ್ರರ ಬಿಂಬ, ಸುತ್ತು. ಕೌಟಿಲ್ಯ 12 ಅರಸರ ರಾಜಮಂಡಲವನ್ನು ಹೇಳುತ್ತಾನೆ: ನಡುವೆ ಗೆಲ್ಲಬಯಸುವ ರಾಜ, ಅವನ ಗಡಿಗೆ ಹೊಂದಿ ಹಗೆ, ಹಗೆಯ ಆಚೆ ಗೆಳೆಯ. ಆಳುವ ನೆಲವೂ ಮಂಡಲವಾಯಿತು. ಚೋಳಮಂಡಲವೇ ಪರದೇಶಿಗಳ ಬಾಯಲ್ಲಿ ಕೋರಮಂಡಲ. ನಮ್ಮ ರೈತರು ಮೈಮೇಲೆ ದುಂಡು ಮಚ್ಚೆಯಿರುವ ಹಾವನ್ನು ಕೊಳಕುಮಂಡಲ ಎಂದರು. ತುಳುನಾಡಿನ ನಾಗಮಂಡಲದಲ್ಲಿ ಬಣ್ಣದ ಪುಡಿಯಿಂದ ನೆಲದ ಮೇಲೆ ಹೆಡೆ, ಸುರುಳಿಗಳನ್ನು ಬಿಡಿಸುತ್ತಾರೆ, ಅದೂ ಮಂಡಲ.

ಹಾಗೆ ಸುತ್ತು ಕೂತವರು ಮಂಡಳಿ. ಹಿಂದಿಯವರು ‘ಮಂಡಲಿ’ ಎನ್ನುವಲ್ಲಿ ನಾವೂ ಮರಾಠಿಗರೂ ನಾಲಿಗೆ ಮಡಚಿ ‘ಳ’ ಎನ್ನುತ್ತೇವೆ. ಈ ಒಂದು ಅಕ್ಷರದ ನೆಂಟಸ್ತಿಕೆ ನನಗೆ ತುಂಬ ಪ್ರಿಯ. ಪದವೂ ಎರಡು ಕಡೆ ಓಡಾಡಿಕೊಂಡೇ ಬೆಳೆಯಿತು. 1880ರಲ್ಲಿ ಪುಣೆಯಲ್ಲಿ ಮರಾಠಿ ಸಂಗೀತ ನಾಟಕ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರದು ಕಿರ್ಲೋಸ್ಕರ ನಾಟಕ ಮಂಡಳಿ. ಗದಗಿನಲ್ಲಿ ಕನ್ನಡ ನಾಟಕಕ್ಕಾಗಿ ಶಾಂತಕವಿಗಳು ಕಟ್ಟಿದ್ದು ಕೃತಪುರ ನಾಟಕ ಮಂಡಳಿ. ಮುಂಬಯಿಯ ಗಿರಗಾಂವದ ಕೇಶವಜಿ ನಾಯಕ್ ಚಾಳಿನಲ್ಲಿ, ಅಂದರೆ ವಠಾರದಲ್ಲಿ, 1893ರಲ್ಲಿ ಸಾರ್ವಜನಿಕ ಗಣೇಶೋತ್ಸವ ಶುರುವಾಯಿತು. ಈಗ ಈ ಊರಿನ ಗಲ್ಲಿಗಲ್ಲಿಗೆ ಒಂದು ಗಣೇಶ ಮಂಡಳ.

ನಮ್ಮದೊಂದು ಭಜನಾ ಮಂಡಳಿಯಿದೆ. ಶನಿವಾರ ಸಂಜೆ, ಹತ್ತಡಿ ಕೋಣೆ, ನಡುವೆ ದೀಪ, ಒಂದು ಹಾರ್ಮೋನಿಯಂ, ಎರಡು ಜೊತೆ ತಾಳ. ಸಾಲಾಗಿ ಕೂರಲು ಜಾಗವಿಲ್ಲ, ಸುತ್ತು ಕೂರುತ್ತೇವೆ. ಹಾಗೆ ಕೂತರೆ ಎಲ್ಲರ ಮುಖ ಎಲ್ಲರಿಗೂ ಕಾಣುತ್ತದೆ. ಯಾರ ದನಿ ಇಂದು ಕುಗ್ಗಿದೆ ಎಂಬುದೂ ತಿಳಿಯುತ್ತದೆ. ಕಚೇರಿಯ ಬೋರ್ಡಿನಲ್ಲಿ ನಾನು ಕಾಣದೆ ಹೋದ ಅರ್ಥ ಇದು.

ಹೋದ ವಾರ ಹಾಡು ಅರ್ಧವಾಗಿದ್ದಾಗ ಕಾಕು ಬಾಗಿಲಿಗೆ ಬಂದು ನಿಂತರು. ಕನ್ನಡ ಬಾರದು, ಸಂಕೋಚ. ನಾನು ತಾಳ ಬಿಡದೆಯೇ ‘ಯಾ ಮಂಡಳಿ, ಬಸಾ’ ಎಂದೆ. ಎಲ್ಲರೂ ಒಂದೊಂದು ಗೇಣು ಹಿಂದೆ ಸರಿದರು.