ಹಳೇ ಫಿಲ್ಟರ್ ಹಿಡಿದುಕೊಂಡು ಅಂಗಡಿಗೆ ಹೋಗಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಹಳೇ ಗಾಡಿಗೆ ಆಯಿಲ್ ಫಿಲ್ಟರ್ ಆರಿಸುವುದು ಹೇಗೆ ಅಂತ ಹತ್ತು ನಿಮಿಷ ಮಾತಾಡಿ ಎಂದು ರೇಡಿಯೊ ನಿಲಯದವರು ಕರೆದರು. ಹತ್ತು ನಿಮಿಷ ಯಾಕೆ, ಒಂದೇ ಮಾತು ಸಾಕಲ್ವಾ ಅಂದೆ. ಆದರೂ ಬನ್ನಿ ಅಂದರು, ಬಂದಿದ್ದೇನೆ.

ಆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ಫಿಲ್ಟರ್ ತರಲು ಹೋಗುವಾಗ, ಬಿಚ್ಚಿದ ಹಳೇ ಫಿಲ್ಟರನ್ನು ಹಿಡಿದುಕೊಂಡು ಹೋಗಿ 'ಇಂಥದ್ದೇ ಒಂದು ಕೊಡಿ' ಅನ್ನಬೇಡಿ. ನಿಮ್ಮ ಗಾಡಿಯಲ್ಲಿ ಇರುವ ಇಂಜಿನ್ ಯಾವುದು ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇಷ್ಟೇ.

ಹೊಸ ಕಾರಿನವರಿಗೆ ಈ ತಲೆನೋವು ಇಲ್ಲ. ನಾನು ಮಾತಾಡುತ್ತಿರುವುದು ನಿಮ್ಮ ಹತ್ತಿರ, ತೋಟದ ಶೆಡ್ಡಿನಲ್ಲಿ ಇಪ್ಪತ್ತೈದು ಮೂವತ್ತು ವರ್ಷದ ಜೀಪ್ ಇಟ್ಟುಕೊಂಡು ಕಣದಲ್ಲಿ ಕಾಫಿ ಹರವುತ್ತಾ ರೇಡಿಯೊ ಕೇಳುತ್ತಿರುವವರ ಹತ್ತಿರ. ನಮ್ಮ ಕೊಡಗಿನ ಜೀಪ್‌ಗಳ ಕಥೆ ನಿಮಗೆ ಗೊತ್ತೇ ಇದೆ. ಬಾಡಿ ಒಂದರದ್ದು, ಇಂಜಿನ್ ಇನ್ಯಾವುದೋ ಪಿಕಪ್‌ದು, ಗೇರ್ ಬಾಕ್ಸ್ ಎಲ್ಲಿಂದ ಬಂತು ಅಂತ ಹಾಕಿದವರಿಗೂ ನೆನಪಿಲ್ಲ. ಆರ್‌ಸಿ ಪುಸ್ತಕದಲ್ಲಿ ಬರೆದಿರುವುದೇ ಬೇರೆ, ಬಾನೆಟ್ ಎತ್ತಿದರೆ ಕಾಣುವುದೇ ಬೇರೆ. ಅಂಗಡಿಯವರು 'ಯಾವ ಗಾಡಿ' ಅಂತ ಕೇಳುತ್ತಾರೆ, ನೀವು 'ಜೀಪ್' ಅನ್ನುತ್ತೀರಿ. ಅಲ್ಲೇ ಅರ್ಧ ಕೆಲಸ ಕೆಟ್ಟಿತು.

ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ, ಕೊಯ್ಲು ಶುರುವಾದ ಹೊತ್ತಿಗೆ, ನಾಪೋಕ್ಲು ಕಡೆಯ ಬೆಳೆಗಾರರೊಬ್ಬರು ನನ್ನ ಗ್ಯಾರೇಜಿಗೆ ಜೀಪ್ ತಂದರು. ಮುಖ ಸಪ್ಪಗಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಇಂಜಿನ್ ಒಳಗೆ ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಶಬ್ದವಂತೆ. ನಾಲ್ಕೈದು ಸೆಕೆಂಡ್, ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಸುಮ್ಮನಾಗುತ್ತದಂತೆ. ಬೇರೆ ಒಂದು ಕಡೆ ತೋರಿಸಿದ್ದಾರೆ, ಬೇರಿಂಗ್ ಹೋಗಿದೆ, ಇಂಜಿನ್ ಪೂರ್ತಿ ಬಿಚ್ಚಬೇಕು ಅಂದಿದ್ದಾರೆ. ಇವರು ಜೀಪ್ ಮಾರಿಬಿಡೋಣ ಅನ್ನುವವರೆಗೆ ಬಂದಿದ್ದರು. ಒಳ್ಳೇ ಜೀಪ್, ಸ್ವಾಮಿ. ಹೊಟ್ಟೆ ಉರಿಯಿತು ನನಗೆ.

ರಾತ್ರಿ ಇಲ್ಲೇ ಬಿಟ್ಟು ಹೋಗಿ ಅಂದೆ. ಮಾರನೇ ದಿನ ಬೆಳಗ್ಗೆ ಆರೂವರೆಗೆ, ಮಂಜು ಇನ್ನೂ ಶೆಡ್ಡಿನ ಒಳಗೇ ಇತ್ತು, ಸ್ಟಾರ್ಟ್ ಮಾಡದೆ ಮೊದಲು ಫಿಲ್ಟರ್ ಬಿಚ್ಚಿದೆ. ಕೆಳಗೆ ತಟ್ಟೆ ಹಿಡಿದಿದ್ದೆ. ತಟ್ಟೆಗೆ ಬಿದ್ದದ್ದು ಎರಡು ಚಮಚ ಎಣ್ಣೆ ಇರಬಹುದು, ಅಷ್ಟೇ. ಆ ಫಿಲ್ಟರ್ ತುಂಬಿರಬೇಕಿತ್ತು, ನೋಡಿ. ಬಿಚ್ಚುವಾಗ ಕೈಯೆಲ್ಲ ಎಣ್ಣೆಯಾಗಬೇಕಿತ್ತು.

ಏನಾಗಿತ್ತು ಗೊತ್ತಾ? ಆ ಇಂಜಿನ್‌ನಲ್ಲಿ ಫಿಲ್ಟರ್ ಅಡ್ಡ ಕೂರುತ್ತದೆ. ತಂಬಿಗೆಯನ್ನು ನೆಟ್ಟಗೆ ಇಟ್ಟರೆ ನೀರು ನಿಲ್ಲುತ್ತದೆ, ಮಲಗಿಸಿದರೆ ಹರಿದು ಹೋಗುತ್ತದೆ ಅಲ್ವಾ, ಹಾಗೆ. ಅದಕ್ಕೇ ಅಡ್ಡ ಕೂರುವ ಫಿಲ್ಟರ್ ಒಳಗೆ ಒಂದು ರಬ್ಬರ್ ಮುಚ್ಚಳ ಇಟ್ಟಿರುತ್ತಾರೆ, ಇಂಜಿನ್ ನಿಂತ ಮೇಲೆ ಎಣ್ಣೆ ವಾಪಸ್ ಇಂಜಿನ್ ಕೆಳಗಿನ ಎಣ್ಣೆ ತೊಟ್ಟಿ, ಅಂದರೆ ಸಂಪ್‌ಗೆ ಇಳಿಯದ ಹಾಗೆ. ಇವರ ಫಿಲ್ಟರ್‌ನಲ್ಲಿ ಆ ರಬ್ಬರೇ ಇರಲಿಲ್ಲ. ಅದು ಫಿಲ್ಟರ್ ನೆಟ್ಟಗೆ ನೇತಾಡುವ ಇಂಜಿನ್‌ಗೆ ಮಾಡಿದ್ದು. ರಾತ್ರಿಯಿಡೀ ಎಣ್ಣೆ ಇಳಿದುಹೋಗಿ, ಬೆಳಗ್ಗೆ ಪಂಪ್ ಮೊದಲು ಖಾಲಿ ಡಬ್ಬಿ ತುಂಬಿಸಬೇಕು, ಆಮೇಲೆ ಬೇರಿಂಗ್‌ಗೆ ಎಣ್ಣೆ. ಆ ನಾಲ್ಕೈದು ಸೆಕೆಂಡಿನ ಕಟಕಟ ಅದೇ.

ಸರಿಯಾದ ಫಿಲ್ಟರ್ ತರಿಸಿ ಹಾಕಿದೆ. ಅದರ ಮಾರನೇ ಬೆಳಗ್ಗೆ ಅವರನ್ನೇ ಕೂರಿಸಿ ಕೀ ತಿರುಗಿಸಿ ಅಂದೆ. ಶಬ್ದ ಇಲ್ಲ. ಅವರು ಇಂಜಿನ್ ಆಫ್ ಮಾಡಿ, ನನ್ನ ಮುಖ ನೋಡಿ, ಇನ್ನೊಂದು ಸಲ ಸ್ಟಾರ್ಟ್ ಮಾಡಿದರು.

ಆಮೇಲೆ ಕೇಳಿದೆ, ಈ ಫಿಲ್ಟರ್ ಯಾರು ಹಾಕಿದ್ದು ಅಂತ. 'ನಾನೇ ತಂದದ್ದು, ಹಳೇದು ತೋರಿಸಿ ಅದೇ ತಂದೆ' ಅಂದರು. ಅದಕ್ಕೂ ಹಿಂದಿನದು? ಅದೂ ಹಾಗೇ. ಯಾವ ಕಾಲದಲ್ಲೋ ಯಾರೋ ಥ್ರೆಡ್ ಕೂತಿತು ಅಂತ ಒಂದು ತಪ್ಪು ಫಿಲ್ಟರ್ ತಿರುಗಿಸಿದ್ದಾರೆ, ಇವರು ಆ ತಪ್ಪನ್ನೇ ಸ್ಯಾಂಪಲ್ ಅಂತ ಹಿಡಿದುಕೊಂಡು ವರ್ಷಕ್ಕೊಂದು ಸಲ ಅಂಗಡಿಗೆ ಹೋಗಿದ್ದಾರೆ, ಅಂಗಡಿಯವರು ಪಾಪ ಕೇಳಿದ್ದನ್ನೇ ಕೊಟ್ಟಿದ್ದಾರೆ.

ಅದಕ್ಕೇ ಹೇಳಿದ್ದು, ಹಳೇದನ್ನು ಹಿಡಿದುಕೊಂಡು ಹೋಗಬೇಡಿ ಅಂತ.

ಇಂಜಿನ್ ಯಾವುದು ಅಂತ ತಿಳಿಯುವುದು ಹೇಗೆ? ಬ್ಲಾಕ್, ಅಂದರೆ ಇಂಜಿನ್‌ನ ದಪ್ಪ ಲೋಹದ ಒಡಲು, ಅದರ ಪಕ್ಕದಲ್ಲಿ ನಂಬರ್ ಹೊಡೆದಿರುತ್ತಾರೆ. ಮೂವತ್ತು ವರ್ಷದ ಮಣ್ಣು, ಎಣ್ಣೆ ಅದರ ಮೇಲೆ ಕೂತಿರುತ್ತದೆ. ಡೀಸೆಲ್ ಬಟ್ಟೆಯಲ್ಲಿ ಒರೆಸಿ, ವೈರ್ ಬ್ರಷ್ ಹಾಕಿ, ಒಣಗಿದ ಮೇಲೆ ಸ್ಕೂಲ್ ಮಕ್ಕಳ ಸೀಮೆಸುಣ್ಣ ಅಡ್ಡ ಉಜ್ಜಿ. ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ಫೋನ್‌ನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆ ನಂಬರ್ ತೋರಿಸಿದರೆ ತಿಳಿದ ಮೆಕ್ಯಾನಿಕ್ ಇಂಜಿನ್ ಯಾವುದು ಅಂತ ಹೇಳುತ್ತಾರೆ. ಒಳ್ಳೇ ಕಂಪನಿಯವರ ಪಟ್ಟಿಯಲ್ಲಿ ಆ ಇಂಜಿನ್‌ಗೆ ಯಾವ ಫಿಲ್ಟರ್ ಅಂತ ನಂಬರ್ ಸಮೇತ ಇರುತ್ತದೆ. ಮಹೀಂದ್ರಾದ್ದೇ ತನ್ನಿ, ಬಾಷ್ ತನ್ನಿ, ಪ್ಯೂರೊಲೇಟರ್ ತನ್ನಿ, ಅದರಲ್ಲಿ ನನಗೆ ಜಗಳ ಇಲ್ಲ. ಬಿಲ್ ಇಲ್ಲದ, ಅಕ್ಷರ ಮಸುಕಾದ ಡಬ್ಬಿ ಮಾತ್ರ ಬೇಡ.

ಥ್ರೆಡ್ ಕೂತರೆ ಸಾಕಲ್ವಾ ಅಂತ ಕೇಳುವವರು ಇನ್ನೂ ಇದ್ದಾರೆ. ಸಾಲದು! ಒಂದು ಥ್ರೆಡ್ 20 ಮಿಲಿಮೀಟರ್, ಇನ್ನೊಂದು ಮುಕ್ಕಾಲು ಇಂಚು, ಅಂದರೆ 19.05 ಮಿಲಿಮೀಟರ್. ಇಂಜಿನ್ ಕಡೆ ಫಿಲ್ಟರ್ ಕೂರುವ ಮುಕ್ಕಾಲು ಇಂಚಿನ ಸ್ಟಡ್‌ಗೆ 20ರ ಫಿಲ್ಟರ್ ತಿರುಗುತ್ತದೆ, ಸ್ವಲ್ಪ ಲಡಬಡ ಅನ್ನುತ್ತದೆ, ಬಿಗಿ ಆದ ಹಾಗೂ ಅನ್ನಿಸುತ್ತದೆ. ಮಾಕುಟ್ಟ ಘಾಟಿಯಲ್ಲಿ ಲೋಡ್ ಹಾಕಿಕೊಂಡು ಹತ್ತುವಾಗ ಎಣ್ಣೆಯ ಒತ್ತಡಕ್ಕೆ ಅದು ಕಿತ್ತು ಬಂದರೆ, ನಿಮಿಷದೊಳಗೆ ಇಂಜಿನ್ ಕಥೆ ಮುಗಿಯಿತು.

ಇಲ್ಲಿ ಗಡಿಯಾರ ತೋರಿಸುತ್ತಿದ್ದಾರೆ. ಫಿಲ್ಟರ್ ಒಳಗಿನ ಬೈಪಾಸ್ ವಾಲ್ವ್ ಬಗ್ಗೆ ಜಾಸ್ತಿ ಹೇಳಬೇಕು ಅಂದುಕೊಂಡಿದ್ದೆ. ಚಳಿಗೆ ಎಣ್ಣೆ ಗಟ್ಟಿಯಾದಾಗ, ಸೋಸುವ ಕಾಗದ ಕೊಳೆಯಿಂದ ಕಟ್ಟಿಕೊಂಡಾಗ, ಅದು ತೆರೆದು ಎಣ್ಣೆಯನ್ನು ಸೋಸದೆಯೇ ಒಳಗೆ ಬಿಡುತ್ತದೆ. ಕೊಳೆ ಎಣ್ಣೆಯಾದರೂ ಸರಿ, ಎಣ್ಣೆಯೇ ಇಲ್ಲದಿರುವುದಕ್ಕಿಂತ ವಾಸಿ ಅಂತ. ಅದರ ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು ಅನ್ನುವುದು ಇಂಜಿನ್‌ನಿಂದ ಇಂಜಿನ್‌ಗೆ ಬೇರೆ, ಹೊರಗಿನಿಂದ ಕಾಣುವುದಿಲ್ಲ. ಮತ್ತೆ ಚೀಟಿಗೇ ಬಂದೆವು, ನೋಡಿ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಫಿಲ್ಟರ್ ಬಾಯಿಯಲ್ಲಿ ನಡುವೆ ದೊಡ್ಡ ತೂತು, ಸುತ್ತ ಸಣ್ಣ ತೂತುಗಳು. ನಿಮ್ಮದು ಅಡ್ಡ ಕೂರುವ ಫಿಲ್ಟರ್ ಆಗಿದ್ದರೆ ಸಣ್ಣ ತೂತಿನಲ್ಲಿ ಕ್ಲೀನಾದ ಕಡ್ಡಿ ಹಾಕಿ ಮೆತ್ತಗೆ ಒತ್ತಿ. ಒಳಗಿನ ರಬ್ಬರ್ ಬಗ್ಗಿ ವಾಪಸ್ ಬರಬೇಕು. ಪ್ಲಾಸ್ಟಿಕ್ ಹಾಗೆ ಗಟ್ಟಿಯಿದ್ದರೆ ಅದು ಶೆಲ್ಫಿನಲ್ಲಿ ಮುದಿಯಾದ ಮಾಲು.

ಹಾಕುವಾಗ, ಹಳೇ ಫಿಲ್ಟರ್ ಬಾಯಿಯ ರಬ್ಬರ್ ವಾಷರ್ ಬ್ಲಾಕ್‌ಗೆ ಅಂಟಿಕೊಂಡು ಉಳಿದಿದೆಯಾ ಅಂತ ಬೆರಳು ಆಡಿಸಿ ನೋಡಿ. ಎರಡು ವಾಷರ್ ಒಂದರ ಮೇಲೊಂದು ಕೂತರೆ ಎಣ್ಣೆಯೆಲ್ಲ ರಸ್ತೆಗೆ. ಇದು ನನ್ನ ಕೈಯಲ್ಲೇ ಒಂದು ಸಲ ಆಗಿದೆ, ಆ ಕಥೆಗೆ ಈಗ ಸಮಯ ಇಲ್ಲ, ನನಗೆ ಅದರಲ್ಲಿ ಬೇಜಾರೂ ಇಲ್ಲ. ಹೊಸ ವಾಷರ್‌ಗೆ ಎಣ್ಣೆ ಸವರಿ, ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು. ಡಬ್ಬಿಯ ಮೇಲೆ ಬೇರೆ ಬರೆದಿದ್ದರೆ ಅದರಂತೆ. ಪಾನ ಹಾಕಿ ಹಿಂಡಬೇಡಿ. ಒಂದು ನಿಮಿಷ ಓಡಿಸಿ, ಕೆಳಗೆ ಬಗ್ಗಿ ನೋಡಿ.

ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ತೋಟದ ಜೀಪ್ ಕಿಲೋಮೀಟರ್ ಎಲ್ಲಿ ಓಡುತ್ತದೆ? ದಿನವಿಡೀ ಮೊದಲನೇ ಗೇರು, ಎರಡನೇ ಗೇರು, ಮಧ್ಯೆ ಸುಮ್ನೆ ನಿಂತು ಉರಿಯುವುದು. ಮೀಟರ್ ನೋಡಬೇಡಿ, ವರ್ಷಕ್ಕೊಂದು ಸಲ, ಕೊಯ್ಲು ಶುರುವಾಗುವ ಮೊದಲು ಎಣ್ಣೆ, ಫಿಲ್ಟರ್ ಎರಡೂ ಒಟ್ಟಿಗೆ ಬದಲಿಸಿ. ಸೀಮೆಸುಣ್ಣ ಮರೆಯಬೇಡಿ. ನಮಸ್ಕಾರ.