ಮೂವತ್ತು ದಿನದ ಗಡುವು: ಅಮೆರಿಕದ ಶಸ್ತ್ರ ಮಾರಾಟ ಮತ್ತು ಅಲ್ಲಿನ ಸಂಸತ್ತು

ಎಲ್ಲರಿಗೂ ನಮಸ್ಕಾರ.

2023ರ ಜೂನ್‌ನಲ್ಲಿ ಪ್ರಧಾನಿ ಮೋದಿಯವರು ವಾಷಿಂಗ್ಟನ್‌ಗೆ ಹೋಗಿದ್ದಾಗ ಎರಡು ಸುದ್ದಿಗಳು ಒಟ್ಟಿಗೆ ಬಂದವು. ತೇಜಸ್‌ನ ಮುಂದಿನ ಮಾದರಿಗೆ ಬೇಕಾದ ಎಫ್-414 ಎಂಜಿನ್‌ಗಳನ್ನು ನಮ್ಮ ಎಚ್‌ಎಎಲ್ ಜೊತೆ ಸೇರಿ ತಯಾರಿಸಲು ಜನರಲ್ ಎಲೆಕ್ಟ್ರಿಕ್ ಒಪ್ಪಿತು ಎಂಬುದು ಒಂದು. ಭಾರತ ಎಂಕ್ಯೂ-9ಬಿ ಡ್ರೋನ್‌ಗಳನ್ನು ಕೊಳ್ಳಲಿದೆ ಎಂಬುದು ಇನ್ನೊಂದು. ಎರಡೂ ಮುಗಿದ ವ್ಯವಹಾರ ಎಂದೇ ನಾವೆಲ್ಲ ಓದಿಕೊಂಡೆವು. ಎಂಜಿನ್‌ನ ಕಡತ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಹೋಗಿ, ಆಗಸ್ಟ್ ಹೊತ್ತಿಗೆ ತಕರಾರಿಲ್ಲದೆ ಪಾರಾಯಿತು. ಡ್ರೋನ್ ಕಡತ ಮಾತ್ರ ನಿಂತುಬಿಟ್ಟಿತು.

ನಡುವೆ ಏನಾಯಿತು? ಖಲಿಸ್ತಾನಿ ಪ್ರತ್ಯೇಕತಾವಾದಿ ಪನ್ನೂನ್‌ನನ್ನು ಅಮೆರಿಕದ ನೆಲದಲ್ಲಿ ಕೊಲ್ಲಿಸಲು ಸಂಚು ನಡೆದಿತ್ತು ಎಂದು ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಕೋರ್ಟಿನಲ್ಲಿ ಆರೋಪಪಟ್ಟಿ ಬಂತು. ಸೆನೆಟ್‌ನ ವಿದೇಶಾಂಗ ಸಮಿತಿಯ ಅಧ್ಯಕ್ಷ ಬೆನ್ ಕಾರ್ಡಿನ್, ಅದರ ತನಿಖೆಯ ಬಗ್ಗೆ ಬೈಡನ್ ಸರ್ಕಾರದಿಂದ ಭರವಸೆ ಪಡೆದ ಮೇಲಷ್ಟೇ ಒಪ್ಪಿಗೆ ಕೊಟ್ಟರು. 2024ರ ಫೆಬ್ರವರಿ 1ರಂದು 31 ಡ್ರೋನ್‌ಗಳ, ಸುಮಾರು 399 ಕೋಟಿ ಡಾಲರ್ ಬೆಲೆಯ ಅಧಿಸೂಚನೆ ಹೊರಬಿತ್ತು. ಈ ತಡೆಗೆ ಸದನದಲ್ಲಿ ಮತದಾನ ನಡೆದಿರಲಿಲ್ಲ. ಇಷ್ಟು ದೊಡ್ಡ ವ್ಯವಹಾರವನ್ನು ಒಬ್ಬ ಸೆನೆಟರ್ ಹಿಡಿದು ನಿಲ್ಲಿಸಬಲ್ಲರು ಎಂದಾದರೆ, ಆ ಅಧಿಕಾರ ಅವರಿಗೆ ಎಲ್ಲಿಂದ ಬಂತು? ಈ ಸಂಜೆಯ ಮಾತು ಅದರ ಬಗ್ಗೆ.

ಕಥೆ ಶುರುವಾಗುವುದು ಇರಾನಿನಿಂದ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ತೆಹರಾನ್‌ಗೆ ಹೋಗಿ, ಅಣ್ವಸ್ತ್ರವೊಂದನ್ನು ಬಿಟ್ಟು ಅಲ್ಲಿನ ದೊರೆ ಷಾ ಕೇಳಿದ್ದನ್ನೆಲ್ಲ ಕೊಡಲು ಹೆಚ್ಚುಕಡಿಮೆ ಒಪ್ಪಿ ಬಂದರು. ಮರುವರ್ಷ ತೈಲದ ಬೆಲೆ ಏರಿತು, ಷಾನ ಖಜಾನೆ ತುಂಬಿತು, ಖರೀದಿಗೆ ಮಿತಿಯೇ ಉಳಿಯಲಿಲ್ಲ. ಆತ ಕೊಂಡ ಎಫ್-14 ಯುದ್ಧವಿಮಾನಗಳೇ 80. ಅವುಗಳಲ್ಲಿ 79 ಇರಾನಿಗೆ ತಲುಪಿದವು. 1979ರಲ್ಲಿ ಷಾ ದೇಶ ಬಿಟ್ಟರೂ ವಿಮಾನಗಳು ಅಲ್ಲೇ ಉಳಿದವು. ಆದರೆ ಕಾಂಗ್ರೆಸ್ ಅಷ್ಟರವರೆಗೆ ಕಾದಿರಲಿಲ್ಲ. ನಮಗೆ ತಿಳಿಯದೆ ಇಷ್ಟೆಲ್ಲ ಹೇಗೆ ಮಾರಿದಿರಿ ಎಂಬ ಸಿಟ್ಟಿನಲ್ಲಿ 1974ರಲ್ಲೇ ಸೆನೆಟರ್ ಗೇಲಾರ್ಡ್ ನೆಲ್ಸನ್ ಮತ್ತು ಪ್ರತಿನಿಧಿ ಜೊನಾಥನ್ ಬಿಂಗಮ್ ಒಂದು ತಿದ್ದುಪಡಿ ತಂದರು. 2.5 ಕೋಟಿ ಡಾಲರ್ ದಾಟಿದ ಮಾರಾಟವನ್ನು ಮುಂಚಿತವಾಗಿ ತಿಳಿಸಬೇಕು, ಸೆನೆಟ್, ಪ್ರತಿನಿಧಿ ಸಭೆ ಎರಡೂ ಸದನ ಬೇಡ ಎಂದರೆ ಕೈಬಿಡಬೇಕು. 1976ರ ಶಸ್ತ್ರಾಸ್ತ್ರ ರಫ್ತು ನಿಯಂತ್ರಣ ಕಾಯ್ದೆ ಇದನ್ನು ಗಟ್ಟಿ ಮಾಡಿ, ಬೇಡ ಎನ್ನಲು 30 ದಿನಗಳ ಗಡುವು ಕೊಟ್ಟಿತು. ನ್ಯಾಟೊ ದೇಶಗಳಿಗೂ ಜಪಾನ್, ಇಸ್ರೇಲ್‌ನಂಥ ಕೆಲವು ಆಪ್ತರಿಗೂ ಈಗ 15 ದಿನ ಸಾಕು. ಭಾರತ ಆ ಆಪ್ತರ ಪಟ್ಟಿಯಲ್ಲಿಲ್ಲ.

ಆಗಿನ ಕಾನೂನಿಗೆ ಹಲ್ಲಿತ್ತು. ಎರಡೂ ಸದನಗಳು ಸಾಮಾನ್ಯ ಬಹುಮತದಿಂದ ಬೇಡ ಎಂದರೆ ಮುಗಿಯಿತು. ಅಧ್ಯಕ್ಷರ ಸಹಿ ಬೇಕಿರಲಿಲ್ಲ. 1981ರಲ್ಲಿ ಅಧ್ಯಕ್ಷ ರೇಗನ್ ಸೌದಿ ಅರೇಬಿಯಾಕ್ಕೆ ಆಕಾಶದಿಂದ ಕಣ್ಗಾವಲು ಇಡುವ ಅವಾಕ್ಸ್ ವಿಮಾನಗಳನ್ನೂ ಜೊತೆಗಿನ ಸಾಮಗ್ರಿಯನ್ನೂ 850 ಕೋಟಿ ಡಾಲರ್‌ಗೆ ಮಾರಲು ಹೊರಟಾಗ ಪ್ರತಿನಿಧಿ ಸಭೆ 301-111 ಮತಗಳಿಂದ ಬೇಡ ಎಂದಿತು. ಸೆನೆಟರ್‌ಗಳನ್ನು ಒಲಿಸಿಕೊಳ್ಳಲು ರೇಗನ್ ಖುದ್ದು ಮಾತುಕತೆಗೆ ಕೂತರು. ಕೊನೆಗೆ ಸೆನೆಟ್‌ನಲ್ಲಿ 52-48ರಿಂದ ಮಾರಾಟ ಉಳಿಯಿತು. ಒಬ್ಬ ಅಧ್ಯಕ್ಷ ಇಷ್ಟು ಬೆವರು ಸುರಿಸಬೇಕಾಯಿತಲ್ಲ, ಆ ಕಾನೂನಿನ ತಾಕತ್ತು ಅಲ್ಲಿತ್ತು.

ಆ ಹಲ್ಲು ಉದುರಿದ್ದು ಶಸ್ತ್ರಕ್ಕೆ ಸಂಬಂಧವೇ ಇಲ್ಲದ ಒಂದು ಮೊಕದ್ದಮೆಯಲ್ಲಿ. ಜಗದೀಶ್ ರಾಯ್ ಚಡ್ಡಾ ಕೀನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದವರು. ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕಕ್ಕೆ ಹೋಗಿ, ಅವಧಿ ಮೀರಿದರೂ ಅಲ್ಲೇ ಉಳಿದಿದ್ದರು. ಅವರನ್ನು ಗಡೀಪಾರು ಮಾಡುವುದು ಬೇಡ ಎಂದು ವಲಸೆ ಇಲಾಖೆಯ ನ್ಯಾಯಾಧೀಶರು ತೀರ್ಮಾನಿಸಿದರು. ಪ್ರತಿನಿಧಿ ಸಭೆ ಒಂದು ನಿರ್ಣಯ ಮಾಡಿ ಆ ತೀರ್ಮಾನವನ್ನು ರದ್ದುಪಡಿಸಿತು. ಚಡ್ಡಾ ಕೋರ್ಟಿಗೆ ಹೋದರು. ಅಧ್ಯಕ್ಷರ ಮುಂದಿಡದೆ, ಬರೀ ಸದನದ ನಿರ್ಣಯದಿಂದ ಸರ್ಕಾರದ ತೀರ್ಮಾನವನ್ನು ಹೊಡೆದುಹಾಕುವುದು ಸಂವಿಧಾನಕ್ಕೆ ವಿರುದ್ಧ ಎಂದು 1983ರಲ್ಲಿ ಸುಪ್ರೀಂ ಕೋರ್ಟ್ 7-2ರಿಂದ ಹೇಳಿತು. ಒಬ್ಬ ವಿದ್ಯಾರ್ಥಿ ಊರು ಬಿಡದಿರಲು ಮಾಡಿದ ಹೋರಾಟ ಶಸ್ತ್ರ ಮಾರಾಟದ ಕಾನೂನಿನ ಬುಡವನ್ನೇ ಅಲ್ಲಾಡಿಸಿತು. ಅದಾದ ಮೇಲೆ ತಡೆ ನಿರ್ಣಯವೂ ಅಧ್ಯಕ್ಷರ ಮೇಜಿಗೆ ಹೋಗಬೇಕಾಯಿತು. ಮಾರಲು ಹೊರಟವರೇ ಅದಕ್ಕೆ ವೀಟೊ ಹಾಕಬಹುದು. ಅದನ್ನು ಮೀರಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು.

ಇದರ ಫಲ 1986ರಲ್ಲೇ ಕಂಡಿತು. ಸೌದಿಗೆ ಕ್ಷಿಪಣಿ ಮಾರುವುದನ್ನು ಸೆನೆಟ್ 73-22ರಿಂದ, ಪ್ರತಿನಿಧಿ ಸಭೆ 356-62ರಿಂದ ತಿರಸ್ಕರಿಸಿದವು. ಜಗಳದ ಮೂಲವಾಗಿದ್ದ, ಹೆಗಲ ಮೇಲಿಟ್ಟು ಹಾರಿಸುವ ಸ್ಟಿಂಗರ್ ಕ್ಷಿಪಣಿಗಳನ್ನು ರೇಗನ್ ಪಟ್ಟಿಯಿಂದ ತೆಗೆದು ವೀಟೊ ಹಾಕಿದರು. ಮತ್ತೆ ಮತಕ್ಕೆ ಬಂದಾಗ ಸೆನೆಟ್‌ನಲ್ಲಿ ವೀಟೊ ವಿರುದ್ಧ ಬಿದ್ದದ್ದು 66 ಮತ, ಬೇಕಿದ್ದದ್ದು 67. ಅಷ್ಟು ಹತ್ತಿರಕ್ಕೆ ಬಂದೂ ಆಗಲಿಲ್ಲ. ಇಂಥ ನಿರ್ಣಯದಿಂದ ಈವರೆಗೆ ಒಂದು ಮಾರಾಟವೂ ನಿಂತಿಲ್ಲ.

ಕಾನೂನಿನಲ್ಲಿ ಇನ್ನೊಂದು ಕಿಂಡಿಯೂ ಇದೆ. ತುರ್ತು ಪರಿಸ್ಥಿತಿ ಎಂದರೆ ಗಡುವೇ ಬೇಕಿಲ್ಲ. 2019ರ ಮೇ ತಿಂಗಳಲ್ಲಿ ಟ್ರಂಪ್ ಸರ್ಕಾರದ ವಿದೇಶಾಂಗ ಸಚಿವ ಪಾಂಪಿಯೊ ಇರಾನಿನ ಕಾರಣ ಕೊಟ್ಟು ಸೌದಿ, ಯುಎಇ, ಜೋರ್ಡಾನ್‌ಗೆ ಸುಮಾರು 810 ಕೋಟಿ ಡಾಲರ್‌ನ 22 ಮಾರಾಟಗಳನ್ನು ಹೀಗೇ ದಾಟಿಸಿದರು. ಯೆಮೆನ್‌ನಲ್ಲಿ ಆ ಬಾಂಬುಗಳಿಂದ ಜನಸಾಮಾನ್ಯರಿಗೆ ಆಗಬಹುದಾದ ಹಾನಿಯನ್ನು ಪೂರ್ತಿಯಾಗಿ ಅಳೆದಿರಲಿಲ್ಲ ಎಂದು ಇಲಾಖೆಯ ಸ್ವಂತ ತಪಾಸಣಾ ವಿಭಾಗವೇ ಮರುವರ್ಷ ಹೇಳಿತು. ಇದು ಒಂದು ಪಕ್ಷದ ಚಾಳಿಯಲ್ಲ. 2023ರ ಡಿಸೆಂಬರ್‌ನಲ್ಲಿ ಬೈಡನ್ ಸರ್ಕಾರದ ವಿದೇಶಾಂಗ ಸಚಿವ ಬ್ಲಿಂಕೆನ್ ಒಂದೇ ತಿಂಗಳಲ್ಲಿ ಎರಡು ಸಲ ಇದೇ ದಾರಿ ಹಿಡಿದು ಇಸ್ರೇಲ್‌ಗೆ ಟ್ಯಾಂಕ್ ಗುಂಡು, ಫಿರಂಗಿ ಸಾಮಗ್ರಿ ಕಳಿಸಿದರು. ಬ್ಲಿಂಕೆನ್ ಅವರ ಅಧ್ಯಕ್ಷರಾದ ಬೈಡನ್, ಎಂಬತ್ತರ ದಶಕದಲ್ಲಿ ಸೆನೆಟರ್ ಆಗಿದ್ದಾಗ, ಕೆಲವು ಬಗೆಯ ಮಾರಾಟಕ್ಕೆ ಕಾಂಗ್ರೆಸ್‌ನ ಒಪ್ಪಿಗೆಯೇ ಬೇಕು ಎಂಬ ಮಸೂದೆ ಮಂಡಿಸಿದ್ದವರು. ಕುರ್ಚಿ ಬದಲಾದರೆ ಕಾನೂನು ಕಾಣುವ ಬಗೆಯೂ ಬದಲಾಗುತ್ತದೆ, ಅದೇನು ಹೊಸದಲ್ಲ ಬಿಡಿ.

ಹಾಗಾದರೆ ಕಾರ್ಡಿನ್ ಕೈಯಲ್ಲಿದ್ದದ್ದು ಏನು? ಅಧಿಸೂಚನೆಗೆ ಮೊದಲು ನಡೆಯುವ ಅನೌಪಚಾರಿಕ ಪರಿಶೀಲನೆ. ಎರಡೂ ಸದನಗಳ ವಿದೇಶಾಂಗ ಸಮಿತಿಗಳ ಅಧ್ಯಕ್ಷರು ಮತ್ತು ಅಲ್ಲಿನ ವಿರೋಧ ಪಕ್ಷದ ಹಿರಿಯ ಸದಸ್ಯರು, ಹೀಗೆ ನಾಲ್ಕು ಮಂದಿಗೆ ವಿದೇಶಾಂಗ ಇಲಾಖೆ ಮೊದಲೇ ಕಡತ ತೋರಿಸುತ್ತದೆ. ಅವರಲ್ಲೊಬ್ಬರು ತಡೆ ಹಾಕಿದರೆ ಇಲಾಖೆ ಸಾಮಾನ್ಯವಾಗಿ ಕಾಯುತ್ತದೆ. ಕಾಯಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಇದು ರೂಢಿ. ಇದೆಲ್ಲ ಮುಗಿದ ಮೇಲೆ ಬರುವ ಅಧಿಸೂಚನೆ, ಲಗ್ನಪತ್ರಿಕೆ ಹಂಚಿದ ಮೇಲೆ ಅಜ್ಜನ ಒಪ್ಪಿಗೆ ಕೇಳಿದ ಹಾಗೆ. ನಿಜವಾದ ಹತೋಟಿ ಸದನದಿಂದ ಈ ನಾಲ್ವರ ಕೊಠಡಿಗೆ ಹೋಗಿದೆ ಎಂಬುದೇ ನನ್ನ ವಾದ.

ಈ ತಡೆಯಿಂದ ಒಳ್ಳೆಯದೂ ಆಗಿದೆ, ಭಯಪಡಬೇಕಾದ್ದೂ ಆಗಿದೆ. ಎರಡಕ್ಕೂ ಉದಾಹರಣೆ ಬಾಬ್ ಮೆನೆಂಡೆಜ್. ಸೆನೆಟ್ ಸಮಿತಿಯ ಅಧ್ಯಕ್ಷರಾಗಿದ್ದ ಅವರು ಮಾನವ ಹಕ್ಕು ಮತ್ತು ಗ್ರೀಸ್ ಮೇಲಿನ ದಬ್ಬಾಳಿಕೆಯ ಕಾರಣ ಕೊಟ್ಟು ಟರ್ಕಿಗೆ ಎಫ್-16 ಮಾರುವುದನ್ನು ಬಹುಕಾಲ ತಡೆದರು. ಅವರು ಅಧ್ಯಕ್ಷ ಸ್ಥಾನ ಬಿಟ್ಟ ಬಳಿಕ, 2024ರ ಜನವರಿಯಲ್ಲಿ, ಸ್ವೀಡನ್‌ನ ನ್ಯಾಟೊ ಪ್ರವೇಶಕ್ಕೆ ಟರ್ಕಿ ಒಪ್ಪಿದ ಕೂಡಲೇ 2,300 ಕೋಟಿ ಡಾಲರ್‌ನ ಆ ಕಡತ ಮುಂದೆ ಹೋಯಿತು. ಅವರು ಸ್ಥಾನ ಬಿಟ್ಟದ್ದೇಕೆ? ಲಂಚದ ಆರೋಪದಿಂದ. ಮನೆಯಲ್ಲಿ ಚಿನ್ನದ ಗಟ್ಟಿಗಳು ಸಿಕ್ಕಿದ್ದವು. ಈಜಿಪ್ಟ್‌ಗೆ ಅನುಕೂಲವಾಗಲು ತಮ್ಮ ಅಧಿಕಾರವನ್ನು, ಶಸ್ತ್ರ ಮಾರಾಟದ ಮೇಲಿನ ಹಿಡಿತವನ್ನೂ ಸೇರಿಸಿ, ಬಳಸಿದರು ಎಂಬುದು ಆರೋಪ. 2024ರ ಜುಲೈನಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಗಿ, ಆಮೇಲೆ 11 ವರ್ಷ ಜೈಲು ಶಿಕ್ಷೆಯಾಯಿತು. ಬೆಳಕಿಲ್ಲದ ಕಡೆ ಇರುವ ಅಧಿಕಾರಕ್ಕೆ ಗಿರಾಕಿಗಳು ಹುಡುಕಿಕೊಂಡು ಬರುತ್ತಾರೆ.

ಹಾಗೆಂದು ಸದನದ ಮತ ವ್ಯರ್ಥವೇ? ನನಗೆ ಹಾಗನ್ನಿಸುವುದಿಲ್ಲ. ಸೆನೆಟರ್ ಬರ್ನಿ ಸ್ಯಾಂಡರ್ಸ್ ಇಸ್ರೇಲ್‌ಗೆ ಶಸ್ತ್ರ ಬೇಡ ಎಂದು ತಂದ ನಿರ್ಣಯಗಳಿಗೆ 2024ರ ನವೆಂಬರ್‌ನಲ್ಲಿ 20 ಮತವೂ ಬರಲಿಲ್ಲ. 2025ರ ಜುಲೈನಲ್ಲಿ ಒಂದಕ್ಕೆ 27 ಬಂತು. ಸೋತರೂ ಯಾರು ಯಾವ ಕಡೆ ಎಂಬುದು ಹೆಸರು ಸಮೇತ ದಾಖಲಾಯಿತು.

ಈಗ ನಮ್ಮ ಕಡೆಗೆ ಬರೋಣ. ಕೊಳ್ಳುವವರಾಗಿದ್ದ ನಾವು ಈಗ ಮಾರುವವರೂ ಆಗಿದ್ದೇವೆ. 2022ರಲ್ಲಿ ಫಿಲಿಪ್ಪೀನ್ಸ್‌ಗೆ ಬ್ರಹ್ಮೋಸ್ ಮಾರುವ ಒಪ್ಪಂದವಾಯಿತು. 2024-25ರಲ್ಲಿ ನಮ್ಮ ರಕ್ಷಣಾ ರಫ್ತು 23,622 ಕೋಟಿ ರೂಪಾಯಿ. ನಮ್ಮ ಸಂಸದರು ಪ್ರಶ್ನೆ ಕೇಳಬಹುದು, ರಕ್ಷಣಾ ಸ್ಥಾಯಿ ಸಮಿತಿ ಅನುದಾನ ಪರಿಶೀಲಿಸಬಹುದು. ಆದರೆ ಇಂಥ ದೇಶಕ್ಕೆ ಇಂಥದ್ದನ್ನು ಮಾರುತ್ತೇವೆ ಎಂದು ಸದನಕ್ಕೆ ಮೊದಲೇ ತಿಳಿಸಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಇಸ್ರೇಲ್‌ಗೆ ಶಸ್ತ್ರ ರಫ್ತು ನಿಲ್ಲಿಸಿ ಎಂದು ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. ವಿದೇಶಾಂಗ ನೀತಿ ತನ್ನ ವ್ಯಾಪ್ತಿಯದಲ್ಲ ಎಂದು ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಅರ್ಜಿ ವಜಾ ಮಾಡಿತು. ಕೋರ್ಟ್ ಹೇಳಿದ್ದು ಸರಿಯೇ ಇರಬಹುದು. ಆದರೆ ಆ ಪ್ರಶ್ನೆಗೆ ಸಂಸತ್ತಿನಲ್ಲಿ ಒಂದು ಗಡುವು, ಒಂದು ದಿನ ನಿಗದಿಯಾಗಿದ್ದರೆ ಅವರು ಕೋರ್ಟಿಗೆ ಹೋಗಬೇಕಿತ್ತೇ?

ನನ್ನ ಮಾತು ಇಷ್ಟು. ಎಚ್‌ಎಎಲ್, ಬಿಇಎಲ್‌ಗಳಲ್ಲಿ ದುಡಿದವರೂ ಇಲ್ಲಿ ಕೂತಿದ್ದೀರಿ. ಪ್ರಶ್ನೆಗಳನ್ನು ನಿಮ್ಮಿಂದಲೇ ಶುರು ಮಾಡೋಣ.