ಸಂಜೆ ಆರರಿಂದ ರಾತ್ರಿ ಹತ್ತರವರೆಗೆ

ಬಾನುಲಿ ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ಕೋಲಾರದ ನಮ್ಮ ಬಡಾವಣೆಯಲ್ಲಿ ನಿವಾಸಿಗಳ ಸಭೆ ಸೇರಿತ್ತು. ಚರಂಡಿ, ಬೀದಿನಾಯಿ, ನೀರಿನ ಟ್ಯಾಂಕರು ಇವುಗಳ ಮಾತೆಲ್ಲ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ನಿಂತರು. ರಾತ್ರಿ ಹತ್ತಾದರೂ ಹುಡುಗರು ಮೋರಿ ಕಟ್ಟೆ ಬಿಟ್ಟು ಏಳುವುದಿಲ್ಲ, ಬೈಕುಗಳನ್ನು ಒಂದೇ ಚಕ್ರದ ಮೇಲೆ ಓಡಿಸುತ್ತಾರೆ, ಆದ್ದರಿಂದ ಹತ್ತರ ನಂತರ ಹದಿನೆಂಟು ತುಂಬದವರು ಬೀದಿಯಲ್ಲಿ ಕಂಡರೆ ಹಿಡಿದುಕೊಂಡು ಹೋಗಬೇಕೆಂದು ಠಾಣೆಗೆ ಮನವಿ ಕೊಡೋಣ ಎಂದರು. ಸಭೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೈ ಎತ್ತಿದರು. ನಾನೂ ಎತ್ತಿದೆನೆಂಬುದನ್ನು ಮುಚ್ಚಿಡುವುದಿಲ್ಲ. ಹಿಂದಿನ ರಾತ್ರಿಯಷ್ಟೇ ಅಂಥದೊಂದು ಬೈಕು ನನ್ನ ಮೊಣಕೈ ಸವರಿಕೊಂಡು ಹೋಗಿತ್ತು. ಮನೆಗೆ ಬಂದು ಸಾವಧಾನವಾಗಿ ಯೋಚಿಸಿದಾಗ ಆ ಕೈ ಎತ್ತಬಾರದಿತ್ತು ಎನಿಸಿತು.

ಹದಿಹರೆಯದವರಿಗೆ ರಾತ್ರಿ ಕರ್ಫ್ಯೂ ಹಾಕುವುದು ಹೊಸ ಯೋಚನೆಯೇನಲ್ಲ. ಅಮೆರಿಕದ ನೂರಾರು ಊರುಗಳಲ್ಲಿ, ಮುಖ್ಯವಾಗಿ 1990ರ ದಶಕದಿಂದೀಚೆಗೆ, ಇದು ಜಾರಿಯಲ್ಲಿದೆ. ಅದರಿಂದ ಅಪರಾಧ ಇಳಿಯಿತೇ ಎಂದು ಪರಿಶೀಲಿಸಿದ 12 ಅಧ್ಯಯನಗಳನ್ನು ಕ್ಯಾಂಪ್‌ಬೆಲ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಸಂಶೋಧಕರು 2016ರಲ್ಲಿ ಒಟ್ಟಿಗೆ ಇಟ್ಟು ತೂಗಿ, ಇಳಿಯಿತೆನ್ನಲು ಆಧಾರವಿಲ್ಲವೆಂದು ಹೇಳಿದರು. ವಾಷಿಂಗ್ಟನ್ ನಗರದ ಒಂದು ಅಧ್ಯಯನವಂತೂ ಇನ್ನೂ ವಿಚಿತ್ರವಾಗಿದೆ. ಅಲ್ಲಿ ಬೇಸಿಗೆಯ ಎರಡು ತಿಂಗಳು ಕರ್ಫ್ಯೂ ಮಧ್ಯರಾತ್ರಿಗೆ ಆರಂಭವಾಗುತ್ತಿತ್ತು. ಸೆಪ್ಟೆಂಬರ್ ಬಂದೊಡನೆ ವಾರದ ದಿನಗಳಲ್ಲಿ ಹನ್ನೊಂದಕ್ಕೇ ಆರಂಭವಾಗುತ್ತಿತ್ತು. ಗುಂಡಿನ ಸದ್ದನ್ನು ದಾಖಲಿಸುವ ಯಂತ್ರಗಳ ಲೆಕ್ಕ ತೆಗೆದಾಗ, ಹೊಸದಾಗಿ ಕರ್ಫ್ಯೂವಿನೊಳಗೆ ಸೇರಿದ ಆ ಒಂದು ಗಂಟೆಯಲ್ಲಿ ಗುಂಡು ಹಾರಿಸುವುದು ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಜನರ ಓಡಾಟವಿರುವ ಬೀದಿಯಲ್ಲಿ ನೋಡುವ ಕಣ್ಣುಗಳೂ ಹೆಚ್ಚಿರುತ್ತವೆ, ಬೀದಿ ಬರಿದಾದಾಗ ಕೆಟ್ಟ ಕೆಲಸ ಮಾಡುವವನಿಗೆ ಸಾಕ್ಷಿಯ ಭಯವಿರುವುದಿಲ್ಲ ಎಂಬುದು ಅದಕ್ಕೆ ಕೊಡುವ ವಿವರಣೆ. ನಮ್ಮ ಕ್ಲಾಕ್ ಟವರ್ ಬಳಿ ರಾತ್ರಿ ಅಂಗಡಿ ತೆರೆದಿಡುವ ಯಾರನ್ನು ಕೇಳಿದರೂ ಇದನ್ನೇ ಹೇಳಿಯಾರು.

ಐಸ್‌ಲ್ಯಾಂಡಿನ ಮಾತು ಬೇರೆ. ಅಲ್ಲಿ 13ರಿಂದ 16 ವರ್ಷದ ಮಕ್ಕಳು ಚಳಿಗಾಲದಲ್ಲಿ ರಾತ್ರಿ ಹತ್ತರೊಳಗೆ ಮನೆ ಸೇರಬೇಕೆಂಬ ನಿಯಮವಿದೆ. ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡಿದ್ದೆವು ಎಂದು ಹೇಳಿದ 15, 16 ವರ್ಷದವರ ಪ್ರಮಾಣ ಅಲ್ಲಿ 1998ರಲ್ಲಿ ಶೇ. 42 ಇದ್ದದ್ದು 2016ರ ಹೊತ್ತಿಗೆ ಶೇ. 5ಕ್ಕೆ ಇಳಿಯಿತು. ಕರ್ಫ್ಯೂ ಬೇಕೆನ್ನುವವರು ಈ ಅಂಕಿಯನ್ನು ಮುಂದಿಡುತ್ತಾರೆ. ಆದರೆ ಆ ದೇಶವು ಹತ್ತು ಗಂಟೆಯ ಗಡುವಿನ ಜೊತೆಗೆ ಸಂಜೆಯ ಆಟ, ಸಂಗೀತ, ನೃತ್ಯಗಳಿಗೆ ಹಣ ಸುರಿಯಿತು. ರಾಜಧಾನಿಯಲ್ಲಿ ಪ್ರತಿ ಮಗುವಿನ ಹೆಸರಿನಲ್ಲಿ ಅದಕ್ಕೆಂದೇ ವಾರ್ಷಿಕ ಸಹಾಯಧನ ಕೊಟ್ಟಿತು. ಶುಕ್ರವಾರದ ರಾತ್ರಿಗಳಲ್ಲಿ ತಂದೆತಾಯಿಯರೇ ಗುಂಪಾಗಿ ಬೀದಿ ಸುತ್ತಿದರು. ಇದನ್ನೆಲ್ಲ ಬಿಟ್ಟು ಗಡುವನ್ನು ಮಾತ್ರ ತರುವುದೆಂದರೆ ಮುದ್ದೆಯಿಲ್ಲದೆ ಬರಿಯ ಸಾರನ್ನು ಬಡಿಸಿದಂತೆ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ? ಹಿಂದೆ 144ನೇ ಸೆಕ್ಷನ್ ಎಂದು ಎಲ್ಲರಿಗೂ ಪರಿಚಿತವಾಗಿದ್ದ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿರುವ ನಿಷೇಧಾಜ್ಞೆ ಇರುವುದು ತುರ್ತು ಸಂದರ್ಭಗಳಿಗೆ. ಮೋರಿ ಕಟ್ಟೆಯ ಹುಡುಗರಿಗಲ್ಲ. ಮಿಕ್ಕ ಕಾನೂನುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಅವು ಕಟ್ಟಿಹಾಕಿರುವುದು ಮಕ್ಕಳನ್ನಲ್ಲ, ಅವರ ಸುತ್ತಲಿನ ದೊಡ್ಡವರನ್ನು. 14ರಿಂದ 18 ವರ್ಷದವರನ್ನು ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸಿಕೊಳ್ಳಬಾರದೆಂಬ ನಿಯಮವಿರುವುದು ಮಾಲೀಕನಿಗೆ. ಅಪ್ರಾಪ್ತ ವಯಸ್ಸಿನವನು ವಾಹನ ಓಡಿಸಿ ತಪ್ಪು ಮಾಡಿದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗಿನ ಸೆರೆವಾಸ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ. ನನ್ನ ಮೊಣಕೈ ಸವರಿದ ಬೈಕನ್ನೂ ಯಾರೋ ತಂದೆ ಕಂತಿನ ಮೇಲೆ ಕೊಡಿಸಿದ್ದಿರಬೇಕು. ಅವರೂ ಅಂದಿನ ಸಭೆಯಲ್ಲಿ ಕೈ ಎತ್ತಿದ್ದರೋ ಏನೋ. ಇನ್ನು 2015ರ ಬಾಲ ನ್ಯಾಯ ಕಾಯ್ದೆಯು ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆನ್ನುತ್ತದೆ. ತಪ್ಪು ಮಾಡಿದ ಮಗುವನ್ನು ಸಹ ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಹೀಗಿರುವಾಗ ಕಟ್ಟೆಯ ಮೇಲೆ ಸುಮ್ಮನೆ ಕುಳಿತವನನ್ನು ಹಿಡಿದುಕೊಂಡು ಹೋಗಿರೆಂದು ಪೊಲೀಸರನ್ನು ಕೇಳುವುದು ಯಾವ ನ್ಯಾಯ?

ಕರ್ಫ್ಯೂವಿನ ಮಾತಾಡುವಾಗ ನಾವು ಗಂಡುಹುಡುಗರನ್ನಷ್ಟೇ ಮನಸ್ಸಿನಲ್ಲಿಟ್ಟುಕೊಳ್ಳುತ್ತೇವೆ. ಹೆಣ್ಣುಮಕ್ಕಳಿಗೆ ಅದು ಯಾವ ಆದೇಶವೂ ಇಲ್ಲದೆ ದೀಪ ಹಚ್ಚುವ ಹೊತ್ತಿಗೇ ಜಾರಿಯಾಗಿರುತ್ತದೆ.

ಹತ್ತು ಗಂಟೆಯ ಪ್ರಶ್ನೆಗಿಂತ ಆರರಿಂದ ಹತ್ತರವರೆಗಿನ ಪ್ರಶ್ನೆಯೇ ದೊಡ್ಡದು. ಕೆ.ಜಿ.ಎಫ್. ಅನ್ನು ನೋಡಿ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಮನೆ, ಆಸ್ಪತ್ರೆ, ಶಾಲೆ, ಕ್ಲಬ್ಬು, ಮೈದಾನ ಎಲ್ಲವೂ ಗಣಿಯ ನೆರಳಿನಲ್ಲೇ ಇದ್ದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಸಾವಿರಾರು ಮಂದಿ ನಸುಕಿನಲ್ಲೇ ಬೆಂಗಳೂರಿನ ರೈಲು ಹತ್ತಿ, ಕತ್ತಲಾದ ಮೇಲೆ ಮಾರಿಕುಪ್ಪಂ ರೈಲಿನಲ್ಲಿ ಹಿಂತಿರುಗುತ್ತಾರೆ. ತಂದೆತಾಯಿ ಇಬ್ಬರೂ ಆ ರೈಲಿನಲ್ಲಿರುವ ಮನೆಯ ಮಕ್ಕಳನ್ನು ಶಾಲೆ ಬಿಟ್ಟ ನಂತರ ಕೇಳುವವರು ಯಾರು?

ಹಣವಿಲ್ಲವೆಂದು ಹೇಳಬೇಡಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರವಿದೆ. ನಿಮ್ಮ ಮನೆಯ ಕಂದಾಯದ ರಸೀದಿಯನ್ನು ತೆಗೆದು ನೋಡಿ. ಅದೇ ಕೈಯಲ್ಲಿ ನಿಮ್ಮೂರಿನ ಗ್ರಂಥಾಲಯ ರಾತ್ರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆಂಬುದನ್ನೂ ವಿಚಾರಿಸಿ. ನಮ್ಮ ಬಡಾವಣೆಯ ಪಕ್ಕದಲ್ಲೇ ಇರುವ ಶಾಲಾ ಮೈದಾನಕ್ಕೆ ಸಂಜೆ ಐದೂವರೆಗೆ ಬೀಗ ಬೀಳುತ್ತದೆ. ಯಾರಾದರೂ ಕಾಲು ಮುರಿದುಕೊಂಡರೆ ಹೊಣೆ ಯಾರದು, ದೀಪದ ಬಿಲ್ಲು ಯಾರು ಕಟ್ಟಬೇಕು ಎಂದು ಶಾಲೆಯವರು ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದ್ದರಿಂದ ಠಾಣೆಗೆಂದು ಬರೆದಿದ್ದ ಮನವಿಯನ್ನು ಈಗ ನಗರಸಭೆಗೆಂದು ತಿದ್ದಿ, ಆರು ದೀಪ ಮತ್ತು ಒಬ್ಬ ಕಾವಲುಗಾರ ಎಂದು ಬರೆದಿದ್ದೇನೆ. ಸಹಿ ಹಾಕಲು ಆ ಹಿರಿಯರು ಇನ್ನೂ ಒಪ್ಪಿಲ್ಲ.

ಕಟ್ಟೆಯ ಹುಡುಗರಲ್ಲಿ ಒಬ್ಬನು ಪಿಯುಸಿ ಓದುತ್ತಿದ್ದಾನೆ. ವಯಸ್ಸು ತುಂಬಿದೊಡನೆ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಹಾಕಬೇಕೆಂಬುದು ಅವನ ಆಸೆ. ದೈಹಿಕ ಪರೀಕ್ಷೆಯಲ್ಲಿ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕು. ಮೈದಾನಕ್ಕೆ ಬೀಗವಿರುವುದರಿಂದ ವಾಹನಗಳು ವಿರಳವಾಗುವವರೆಗೆ ಕಟ್ಟೆಯ ಮೇಲೆ ಕಾದಿದ್ದು, ಹತ್ತರ ಮೇಲೆ ಟಾರು ರಸ್ತೆಯಲ್ಲಿ ಓಡುತ್ತಾನೆ. ಮೊನ್ನೆ ಅವನ ಮೊಬೈಲನ್ನು ಹಿಡಿದು ನಾನೇ ಸಮಯ ನೋಡಿದೆನು. 6 ನಿಮಿಷ 52 ಸೆಕೆಂಡ್ ಆಯಿತು. ನಡುವೆ ಟೊಮ್ಯಾಟೊ ಕ್ರೇಟು ಹೊತ್ತ ಎರಡು ಲಾರಿಗಳಿಗೆ ದಾರಿ ಬಿಟ್ಟು ನಿಂತಿದ್ದನು.

ನಮಸ್ಕಾರ.